ಹಸಿ ವ್ಯಾಟು, ಒಣ ವ್ಯಾಟು

ಕಾಕಾ ತೀರಿಕೊಂಡ ದಿನ ಅವರ ಮನೆ ಮುಂದೆ ಭಜನೆಯವರು ತಂದಿಟ್ಟಿದ್ದ ಆಂಪ್ಲಿಫೈಯರಿನ ಮೇಲೆ ‘2000 ವ್ಯಾಟ್’ ಎಂದು ಬರೆದಿತ್ತು. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಕಿವಿಯಿಂದ ಎರಡು ಮಾರು ದೂರದಲ್ಲಿ ಆ ಡಬ್ಬಿ ಒದರುತ್ತಿತ್ತು. ಜೀವ ಇದ್ದಿದ್ದರೆ ಎದ್ದು ಬಂದು ಅದರ ಬೆನ್ನು ತಟ್ಟಿ, “ಇದರ ಟ್ರಾನ್ಸ್‌ಫಾರ್ಮರ್ ನನ್ನ ಮುಷ್ಟಿಯಷ್ಟೂ ಇಲ್ಲ, ಎರಡು ಸಾವಿರ ಎಲ್ಲಿಂದ ಹಡೀತೈತಿ ಇದು?” ಎಂದು ಎಲ್ಲರ ಎದುರಿಗೇ ಬೈಯುತ್ತಿದ್ದರು. ನಾನು ಭಜನೆಯವನ ಹತ್ತಿರ ಹೋಗಿ ಸಣ್ಣದು ಮಾಡು ಎಂದೆ. ಅವನು, “ಯಾಕ್ರಿ? ಹಿರೇರು ಮೈಕ್ ಸೆಟ್ಟಿನ್ಯಾವ್ರಲ್ರಿ, ಅವರಿಗೆ ಜೋರ್ ಇದ್ರ ಚಲೋ ಅನಸತೈತಿ” ಎಂದ. ರಾಣೆಬೆನ್ನೂರಿನ ಅರ್ಧ ಊರು ಅವರನ್ನು ಇಷ್ಟೇ ತಿಳಿದುಕೊಂಡಿದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಬೇಡ ಎಂದಿದ್ದಾರೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಉಳಿದವರು ಹೆಸರು ಕಟ್ಟಿಕೊಂಡು ಏನು ಮಾಡುತ್ತಾರೆ?

ಹಳೇ ಪಿ.ಬಿ. ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಸಂದಿಯಲ್ಲಿ ನಮ್ಮಿಬ್ಬರ ಅಂಗಡಿ ಅಕ್ಕಪಕ್ಕ. ನನ್ನದು ಸ್ಕ್ರೀನ್ ಪ್ರಿಂಟಿಂಗ್: ಮದುವೆ ಕಾರ್ಡು, ಕೈಚೀಲ, ಬೀಜದ ಕಂಪನಿಗಳ ಪಾಕೀಟು. ಅವರು ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಗುಡಿಗೆ, ಶಾಲೆಗೆ, ಪಂಚಾಯಿತಿಗೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಅಂಗಡಿಗೆ. ತವರದ ಡಬ್ಬಿ, ಒಳಗಿನ ತಂತಿ, ಬೆಸುಗೆ ಎಲ್ಲಾ ಅವರದು; ಮುಖದ ಅಲ್ಯುಮಿನಿಯಂ ಪ್ಯಾನಲ್ ಮೇಲೆ ಅಕ್ಷರ ಮತ್ತು ಅಂಕಿ ಮಾತ್ರ ನನ್ನದು. ಆ ಅಂಕಿಗಳಲ್ಲಿ ಒಂದೇ ಒಂದು ಅಂಕಿ ಸುಳ್ಳಾಗಿತ್ತು, ಅದು ತುಂಗಭದ್ರೆಯ ದಂಡೆಯ ಒಂದು ಊರಿಗೆ ಹೋಯಿತು, ಅಲ್ಲಿಂದ ಕಾಕಾ ಮನಸ್ಸಿನಿಂದ ವಾಪಸು ಬರಲೇ ಇಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮನುಷ್ಯ ಹೇಗಿದ್ದ ಎಂದು ತಿಳಿಯಲಿ.

ಸಾಧು ಸ್ವಭಾವದವರು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಬಾಯಿ ಬಲು ಕೆಟ್ಟದ್ದು. ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಾಗಲೇ “ಚಪ್ಪಲಿ ಬಿಟ್ಟು ಬಾ, ಬುದ್ಧಿ ತಗೊಂಡು ಬಾ” ಎನ್ನುವರು. ತಾವು ಕಟ್ಟಿದ ಸೆಟ್ಟಿನಷ್ಟು ಒಳ್ಳೆಯದು ಧಾರವಾಡದ ಈಚೆಗೆ ಇಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ನನ್ನ ಕೆಲಸವನ್ನು ‘ಬಣ್ಣ ಬಳಿಯೂದು’ ಎಂದು ಕರೆದು ನನ್ನ ಹೊಟ್ಟೆ ಉರಿಸುತ್ತಿದ್ದರು. ನಾನೂ ಸುಮ್ಮನಿರುವವನಲ್ಲ. “ಕಾಕಾ, ನಿಮ್ಮ ಡಬ್ಬಿಗೆ ನಾ ಬಣ್ಣ ಬಳೀದಿದ್ರ ಮಂದಿ ಅದನ್ನ ಹಿಟ್ಟಿನ ಡಬ್ಬಿ ಅಂತಿದ್ರು” ಎನ್ನುತ್ತಿದ್ದೆ. ಹೀಗೆ ಇಪ್ಪತ್ತು ವರ್ಷ ಜಗಳಾಡಿಕೊಂಡೇ ಒಂದೇ ಕೆಟಲಿನ ಚಹಾ ಕುಡಿದೆವು.

ವಿಚಿತ್ರ ಎಂದರೆ ಗದ್ದಲ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸೆಟ್ಟು ಪರೀಕ್ಷೆ ಮಾಡುವಾಗ ಹಾರ್ನ್ ಸ್ಪೀಕರನ್ನೇ ಹಚ್ಚುತ್ತಿರಲಿಲ್ಲ. ಹಾರ್ನಿನ ಬದಲು ಒಂದು ಹೀಟರ್ ಕಾಯಿಲನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಅದಕ್ಕೆ ತಂತಿ ಜೋಡಿಸುವರು. ಒಂದೇ ಸಮನೆ ಕೂಗುವ ಒಂದು ಸ್ವರವನ್ನು ಸೆಟ್ಟಿನೊಳಗೆ ಬಿಟ್ಟು, ಸಣ್ಣ ಪರದೆಯ ಮೇಲೆ ಅದರ ಅಲೆ ನೋಡುತ್ತಾ ನಾಬ್ ತಿರುಗಿಸುವರು. ಅಲೆ ದೊಡ್ಡದಾಗುತ್ತಾ ಹೋಗಿ ಒಂದು ಹಂತದಲ್ಲಿ ಅದರ ನೆತ್ತಿ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತಿತ್ತು. “ಹಾಂ, ಇಲ್ಲೀತನಕ ಮಾತಾಡತೈತಿ. ಇದರ ಮುಂದ ಬರೇ ಒದರತೈತಿ” ಎಂದು ಅಲ್ಲಿಗೆ ನಿಲ್ಲಿಸಿ ಮೀಟರ್ ಓದಿ ಲೆಕ್ಕ ಹಾಕುವರು. ಆ ಹೊತ್ತಿಗೆ ಬಕೆಟ್ಟಿನ ನೀರು ಬೆಚ್ಚಗಾಗಿರುತ್ತಿತ್ತು. ಅದರಲ್ಲಿ ನನ್ನ ಬೆರಳು ಅದ್ದಿಸಿ, “ಇದು ವ್ಯಾಟು. ಬೆರಳಿಗೆ ಹತ್ತಿದ್ದಷ್ಟ ಖರೇ” ಎನ್ನುವರು. ಆ ಲೆಕ್ಕದಲ್ಲಿ ಅರವತ್ತು ಬಂದರೆ ಅರವತ್ತು ಎಂದೇ ನಾನು ಅಚ್ಚು ಹಾಕಬೇಕು. ಅರವತ್ತೈದು ಮಾಡೋಣವೇ ಎಂದು ಒಮ್ಮೆ ತಮಾಷೆಗೆ ಕೇಳಿದ್ದಕ್ಕೆ ಎರಡು ದಿನ ಚಹಾ ಕುಡಿಸಲಿಲ್ಲ.

ಹೊರಗಿನ ಪೇಟೆಯಲ್ಲಿ ಹೀಗಿರಲಿಲ್ಲ, ಈಗಲೂ ಇಲ್ಲ. ಅಂಗೈಯಗಲದ ಡಬ್ಬಿಯ ಮೇಲೂ ಸಾವಿರ, ಎರಡು ಸಾವಿರ. ಅದೇನೋ ಕಣ್ಣು ಮಿಟುಕಿಸುವಷ್ಟರಲ್ಲಿ ಒಮ್ಮೆ ಚಿಮ್ಮುವ ಶಕ್ತಿಯನ್ನು, ಅದೂ ಕಾಗದದ ಮೇಲಿನ ಲೆಕ್ಕದಲ್ಲಿ, ದೊಡ್ಡದಾಗಿ ಬರೆಯುವ ರೂಢಿ. ಕಾಕಾ ಅದನ್ನು ‘ಹಸಿ ವ್ಯಾಟು’ ಎನ್ನುವರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಹಸಿ ಆರದ ಮೆಣಸಿನಕಾಯಿ ಚೀಲ ತೂಕಕ್ಕೆ ಹೆಚ್ಚು ಬರುತ್ತದೆ, ನಾಲ್ಕು ಬಿಸಿಲು ಕಂಡರೆ ಕರಗುತ್ತದೆ. “ಗ್ವಾಡಿ ಪ್ಲಗ್ಗಿನಿಂದ ಎಷ್ಟು ಕರೆಂಟ್ ಜಗ್ಗತೈತೋ ಅದಕ್ಕಿಂತ ಹೆಚ್ಚಿಗಿ ಕೊಡೂದು ಶಿವನ ಕೈಯಾಗೂ ಆಗಂಗಿಲ್ಲ. ಬಿಸಿಲಿಗೆ ಹಾಕಿ ನೋಡು, ಒಣ ವ್ಯಾಟು ಎಷ್ಟು ಉಳಿತೈತಿ ಅಂತ” ಎಂಬುದು ಅವರ ವಾದ.

ಬ್ಯಾಡಗಿಯ ಒಬ್ಬ ದಲಾಲರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎದುರಂಗಡಿಯವರ ಸೆಟ್ಟಿಗೆ ಐನೂರು ಎಂದು ಬರೆದಿದೆ, ತಮ್ಮದಕ್ಕೆ ಎಂಟುನೂರು ಇರಲಿ ಎಂದು ಬಂದಿದ್ದರು ಅವರು. ಕಾಕಾ ಕೆಂಪಗಾಗಿ, “ನೀವು ಕಾಯಿಗೆ ನೀರು ಹೊಡದಂಗ ನಾ ವ್ಯಾಟಿಗೆ ನೀರು ಹೊಡೀಲೇನು?” ಎಂದು ಬಾಯಿ ಬಿಟ್ಟರು. ದಲಾಲರಿಗೆ ಸಿಟ್ಟೂ ಬರಲಿಲ್ಲ. “ಯಜಮಾನ್ರ, ನೀರು ಹೊಡದ ಕಾಯಿನೂ ಮಾರಾಟ ಆಗತಾವ, ಒಣಾ ಕಾಯಿನೂ ಮಾರಾಟ ಆಗತಾವ. ನಿಮ್ಮ ಡಬ್ಬಿ ಮಾತ್ರ ಇಲ್ಲೇ ಕುಂತಿರತಾವ ನೋಡ್ರಿ” ಎಂದು ಎದುರು ಸಾಲಿನ ಅಂಗಡಿಗೆ ಹೋಗಿ ಎಂಟುನೂರರದ್ದನ್ನು ಒಯ್ದರು. ಅವರ ಮಾತು ಸುಳ್ಳಾಗಲಿಲ್ಲ.

ಇನ್ನೊಂದು ಸಲ ಹಾವೇರಿಯಲ್ಲಿ ನನ್ನ ಅಕ್ಕನ ಮಗನ ಮದುವೆ. ಕರೆದಿದ್ದೆ, ಬಂದರು. ಅಕ್ಷತೆ ಬಿದ್ದು ಊಟಕ್ಕೆ ಮುಂಚೆ ಡಿ.ಜೆ. ಶುರುವಾಯಿತು ನೋಡಿ, ಈ ಮನುಷ್ಯ ಎದ್ದು ವೇದಿಕೆಯ ಹಿಂದೆ ಹೋಗಿ ನಾಬನ್ನು ಅರ್ಧಕ್ಕೆ ಇಳಿಸಿಬಿಟ್ಟರು. ಹುಡುಗರು ಇವರನ್ನು ನೂಕಾಡಿದರು. “ಅದು ಹಾಡಾಕತ್ತಿಲ್ಲಲೇ, ಕ್ಯಾಕರಿಸಾಕತ್ತೈತಿ! ಸ್ಪೀಕರ್ ಸುಟ್ಟು ಹೋಗತಾವ. ಸಣ್ಣ ಸೆಟ್ಟಿನ ಕುತ್ತಿಗಿ ಹಿಚುಕಿದ್ರ ದೊಡ್ಡ ಸ್ಪೀಕರ್ರೂ ಸಾಯತಾವ” ಎಂದು ಇವರು ಕೂಗಾಡುತ್ತಿದ್ದರೆ ಬೀಗರೆಲ್ಲ ಯಾರಿದು ಹುಚ್ಚ ಎಂದು ನನ್ನ ಮುಖ ನೋಡಿದರು. ಮಾನ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಅವರು ಮಾತ್ರ ಮೋಟೆಬೆನ್ನೂರು ದಾಟುವ ತನಕ ಸ್ಪೀಕರ್ ಹೇಗೆ ಸುಡುತ್ತದೆ ಎಂದು ಹೇಳುತ್ತಲೇ ಇದ್ದರು.

ಕಾಕುಗೆ ಈ ಸತ್ಯವಂತಿಕೆ ಸಾಕಾಗಿ ಹೋಗಿತ್ತು. “ಸತ್ಯಕ್ಕ ಸಾವಿಲ್ಲ, ಸುಳ್ಳಿಗೆ ಸುಖ ಇಲ್ಲ ಅಂತಾರ. ನಮ್ಮ ಮನ್ಯಾಗ ಸತ್ಯಕ್ಕೂ ಸುಖ ಇಲ್ಲಪಾ” ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದರು. ಆಗಿನ್ನೂ ನಗುತ್ತಿದ್ದರು.

ಈಗ ಆ ಊರಿನ ವಿಷಯ. ಐರಣಿ ಕಡೆಗೆ ಹೊಳೆಯ ದಂಡೆಯಲ್ಲಿದೆ. ಊರು ದಿಬ್ಬದ ಮೇಲೆ. ಒಂದು ಓಣಿ ಮಾತ್ರ ಕೆಳಗೆ, ನೀರಿಗೆ ಹತ್ತಿರ. ಮೇಲಿನ ಅಣೆಕಟ್ಟಿನ ಗೇಟು ಎತ್ತಿದರೆ ಮೊದಲು ನೀರು ನುಗ್ಗುವುದು ಆ ಕೆಳಗಿನ ಓಣಿಗೆ. ಹಿಂದೆ ತಳವಾರ ಹಲಗೆ ಬಾರಿಸಿಕೊಂಡು ಮನೆಮನೆಗೆ ಹೋಗಿ ಬಾಗಿಲು ಬಡಿದು ಎಬ್ಬಿಸುತ್ತಿದ್ದನಂತೆ. ಆಮೇಲೆ ಮೈಕು ಬಂತು. ಕೆಳಗಿನ ಓಣಿಯ ದ್ಯಾಮವ್ವನ ಗುಡಿಯಲ್ಲಿ ಕಾಕಾನೇ ಕಟ್ಟಿದ ನಲವತ್ತು ವ್ಯಾಟಿನ ಒಂದು ಸಣ್ಣ ಸೆಟ್ಟು ಮೊದಲಿನಿಂದಲೂ ಇತ್ತು. ಈಗ ದಿಬ್ಬದ ಮೇಲಿನ ಹನುಮಪ್ಪನ ಗುಡಿಗೆ ದೊಡ್ಡದೊಂದು ಬೇಕು ಎಂದು ಊರಿನ ಕಮಿಟಿಯವರು ಬಂದರು. ದೊಡ್ಡದು ಯಾಕೆಂದರೆ, ಆಚೆ ದಂಡೆಯ ಊರಿನ ಸೆಟ್ಟಿನ ಮೇಲೆ ಐನೂರು ಎಂದು ಬರೆದಿದೆ. ಇವರದು ಆರುನೂರು ಇರಬೇಕು.

ಕಾಕಾ ಎಂದಿನಂತೆ ಬೈದು ಕಳಿಸಿದರು. ಆದರೆ ಕಮಿಟಿಯ ಹಿರಿಯ, ಮೆತ್ತನೆಯ ಮನುಷ್ಯ, ಮಾರನೆಯ ದಿನ ಒಬ್ಬನೇ ಬಂದು ಕುಳಿತ.

“ನೋಡ್ರಿ ಯಜಮಾನ್ರ, ನಿಮ್ಮ ಸೆಟ್ಟು ಮಳ್ಯಾಗ ಕೈ ಕೊಡಂಗಿಲ್ಲ ಅಂತ ನನಗ ಗೊತ್ತೈತಿ. ಆದ್ರ ಹುಡುಗುರು ಕೇಳವಲ್ರು. ಆರ್ನೂರು ಅಂತ ಬರೀಲಿಲ್ಲಂದ್ರ ಎದುರಿನ ಅಂಗಡಿಯಾಗ ತಗೋತೇವಿ ಅಂತಾರ. ಅದು ಎರಡು ಮಳಿಗೆ ಸುಡತೈತಿ. ಹೊಳಿ ಬಂದಾಗ ಊರು ಉಳಸೂ ಸೆಟ್ಟು ಇದು. ಒಳಗಿಂದು ನಿಮ್ಮದು ಇರ್ಲಿ, ಹೊರಗಿಂದು ನಮ್ಮದು ಇರ್ಲಿ. ಏನ್ ಗಂಟು ಹೋಗತೈತಿ?”

ಕಾಕಾ ಬಹಳ ಹೊತ್ತು ಮೂಗಿಗೆ ನಶ್ಯ ಏರಿಸುತ್ತಾ ಕುಳಿತರು. ನನಗೆ ಆ ಹಿರಿಯನ ಮಾತು ಸರಿ ಎನಿಸಿತು, ಈಗಲೂ ಪೂರ್ತಿ ತಪ್ಪು ಎನಿಸುವುದಿಲ್ಲ. ಹಾಳು ಸೆಟ್ಟು ಹೊಳೆದಂಡೆಗೆ ಹೋಗುವುದಕ್ಕಿಂತ ಗಟ್ಟಿ ಸೆಟ್ಟು ಸುಳ್ಳು ಮುಖ ಹೊತ್ತು ಹೋಗುವುದು ವಾಸಿಯಲ್ಲವೇ? ಕಾಕಾನೂ ಹಾಗೇ ಯೋಚಿಸಿರಬೇಕು. “ಕೆಳಗಿನ ಓಣಿಗೆ ಇದರ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ದೂರ ಐತಿ, ಇಳಿಜಾರು ಐತಿ. ಕರೆಂಟ್ ಹೋಗಿ ಬ್ಯಾಟರಿ ಮ್ಯಾಲೆ ನಡೆದ್ರ ಮೂರನೇ ಪಾಲೂ ದನಿ ಬರಂಗಿಲ್ಲ. ಅಲ್ಲಿ ಸಣ್ಣದು ಐತಲ್ಲ, ಅದು ಇರ್ಲಿ” ಎಂದರು. ಹಿರಿಯ “ಆತ್ರಿ, ಆತ್ರಿ” ಎಂದು ಕೈಮುಗಿದು ಹೋದ.

ಸೆಟ್ಟು ತಯಾರಾಯಿತು. ಬಕೆಟ್ಟಿನ ಲೆಕ್ಕದಲ್ಲಿ ನೂರಾಹತ್ತು ಬಂತು. ಒಳ್ಳೆಯ, ಗಟ್ಟಿ ನೂರಾಹತ್ತು. ಪ್ಯಾನಲ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಎಷ್ಟು ಹಾಕಲಿ ಎಂದೆ. ಬಾಯಿ ಬಿಟ್ಟು ಹೇಳಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಒಂದು ಹಾಳು ಕಾರ್ಡಿನ ಹಿಂದೆ ಪೆನ್ಸಿಲಿನಿಂದ ಬರೆದು ನನ್ನ ಕಡೆ ಸರಿಸಿ, ಬೀದಿಯ ಕಡೆ ಮುಖ ತಿರುಗಿಸಿ ನಿಂತರು. ನಾನು ಅಚ್ಚು ಹಾಕಿದೆ. ಅದು ನನ್ನ ಕಸುಬು. ಮದುವೆ ಕಾರ್ಡಿನಲ್ಲಿ ವರನ ಡಿಗ್ರಿ ಖರೇನೋ ಸುಳ್ಳೋ ಎಂದು ನಾನು ಕೇಳುತ್ತೇನೆಯೇ?

ಎರಡು ವರ್ಷ ಏನೂ ಆಗಲಿಲ್ಲ. ಆ ಸೆಟ್ಟು ಚೆನ್ನಾಗಿ ಕೆಲಸ ಮಾಡಿತು. ಹಬ್ಬಕ್ಕೆ ಹಾಡು, ರೇಷನ್ ಬಂದರೆ ಸುದ್ದಿ, ಯಾರಾದರೂ ಸತ್ತರೆ ಸುದ್ದಿ. ಆಮೇಲೆ ಆ ಮಳೆಗಾಲ ಬಂತು. ಮೇಲೆ ಮಲೆನಾಡಿನಲ್ಲಿ ಬಿಡುವಿಲ್ಲದೆ ಸುರಿದು, ಅಣೆಕಟ್ಟು ತುಂಬಿ, ಗೇಟು ಎತ್ತುತ್ತಾರೆ ಎಂದು ಪಂಚಾಯಿತಿಯ ಆಳು ಸುದ್ದಿ ತಂದದ್ದು ಒಂದು ಮಧ್ಯಾಹ್ನ. ಗಾಳಿ ಮಳೆಗೆ ಕಂಬ ಬಿದ್ದು ಬೆಳಿಗ್ಗೆಯಿಂದಲೇ ಕರೆಂಟಿಲ್ಲ, ಮೊಬೈಲಿಗೂ ಸಿಗ್ನಲ್ಲಿಲ್ಲ. ಹನುಮಪ್ಪನ ಗುಡಿಯಲ್ಲಿ ಬ್ಯಾಟರಿ ಹಚ್ಚಿ ಮೈಕಿನಲ್ಲಿ ಕೂಗಿದರು: ಹೊಳೆ ಬರುತ್ತಿದೆ, ಕೆಳಗಿನವರೆಲ್ಲ ಮೇಲೆ ಬನ್ನಿ. ಮತ್ತೆ ಮತ್ತೆ ಕೂಗಿದರು. ಓಣಿಯ ಹೆಚ್ಚಿನವರು ಹೊಲಕ್ಕೋ ಸಂತೆಗೋ ಹೋಗಿ ಮೊದಲೇ ಮೇಲಿದ್ದರು. ಇದ್ದ ಕೆಲವರು ನೀರು ಏರುವುದನ್ನು ಕಣ್ಣಾರೆ ಕಂಡು ಓಡಿ ಬಂದರು. ಒಬ್ಬ ಹೆಣ್ಣುಮಗಳು ಬರಲಿಲ್ಲ. ಜ್ವರ ಬಂದು, ಎರಚಲು ಹೊಡೆಯುತ್ತದೆ ಎಂದು ಬಾಗಿಲು ಹಾಕಿಕೊಂಡು ಮಲಗಿದ್ದಳು. ಮಣ್ಣಿನ ಗೋಡೆ ಮನೆ. ಮರುದಿನ ನೀರು ಇಳಿದ ಮೇಲೆ ಸಿಕ್ಕಳು.

ಯಾರೂ ಬಾಗಿಲು ಬಡಿಯಲು ಹೋಗಿರಲಿಲ್ಲ. ಮೈಕಿನಲ್ಲಿ ಹೇಳಿದ್ದೇವಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ಈ ಸುದ್ದಿ ನಮಗೆ ತಿಳಿದದ್ದು ಕಮಿಟಿಯ ಒಬ್ಬ ಹುಡುಗ ಬ್ಯಾಟರಿ ಚಾರ್ಜಿಗೆ ತಂದಾಗ. ಹೇಳಿ ಮುಗಿಸಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು.

“ದ್ಯಾಮವ್ವನ ಗುಡ್ಯಾಗಿನ ಸೆಟ್ಟಿನ್ಯಾಗ ಹೇಳಲಿಲ್ಲೇನು?”

“ಅದೆಲ್ಲೈತ್ರಿ? ಅದನ್ನ ಹೋದ ವರ್ಷನ ತಗದು ಕನ್ನಡ ಸಾಲಿಗೆ ಕೊಟ್ವಿ. ಆರ್ನೂರರದು ಬಂದ ಮ್ಯಾಲೆ ನಲವತ್ತರದು ಯಾಕ ಬೇಕ್ರಿ?”

ಕಾಕಾ ಕುಳಿತುಬಿಟ್ಟರು. ಕುರ್ಚಿ ಹಿಂದಿದೆಯೋ ಇಲ್ಲವೋ ನೋಡದೆ ಕುಳಿತರು, ಪುಣ್ಯಕ್ಕೆ ಇತ್ತು. ಹುಡುಗ ಹೋದ ಮೇಲೆ ನಾನು, “ನೀವು ಆವತ್ತ ಹೇಳಿದ್ರಲ್ಲ ಕಾಕಾ, ಸಣ್ಣದು ಇರ್ಲಿ ಅಂತ. ನನ್ನ ಎದುರಿಗೇ ಹೇಳಿದ್ರಿ. ಅವರು ಕೇಳಲಿಲ್ಲ, ನಿಮ್ಮ ತಪ್ಪೇನೈತಿ?” ಎಂದೆ. ಅವರು ನನ್ನ ಕಡೆ ತಿರುಗಿದರು.

“ನಾ ಬಾಯಿಲೆ ಹೇಳಿದ್ದು ಒಂದು ಸಲ. ಅದು ಅಲ್ಲಿ ಕುಂತು ದಿನಾ ಹೇಳತಿತ್ತಲೋ, ಆರ್ನೂರು ಆರ್ನೂರು ಅಂತ.”

ಅಲ್ಲಿಂದ ಅವರಿಗೆ ಒಂದೇ ಹಠ. ಆಕೆಯ ಗಂಡನಿಗೆ ಹೋಗಿ ಹೇಳಬೇಕು. ಏನು ಹೇಳುತ್ತೀರಿ ಎಂದರೆ, ಇದ್ದದ್ದು ಹೇಳುತ್ತೇನೆ ಎನ್ನುವರು. ಬೇಡ, ಸತ್ತವರ ಮನೆಗೆ ಹೋಗಿ ವ್ಯಾಟಿನ ಪುರಾಣ ಯಾರು ಓದುತ್ತಾರೆ ಎಂದು ಬೈದೆ. ಕಾಕು ಅತ್ತರು. ಏನೂ ನಡೆಯಲಿಲ್ಲ. ಆಕೆಯ ದಿನಕರ್ಮ ಮುಗಿದ ಮೇಲೆ ಒಂದು ಮುಂಜಾನೆ ಬಂದು ನನ್ನ ಗಾಡಿಯ ಹಿಂದೆ ಕುಳಿತರು. “ನಡಿ, ಇಲ್ಲಾಂದ್ರ ಬಸ್ಸಿಗೆ ಹೊಕ್ಕೇನಿ” ಎಂದರು. ಈ ವಯಸ್ಸಿನವರನ್ನು ಒಬ್ಬರನ್ನೇ ಕಳಿಸಲಾದೀತೇ? ಕರೆದುಕೊಂಡು ಹೋದೆ.

ಹನುಮಪ್ಪನ ಗುಡಿಯ ಮುಂದೆ ಆ ಹಿರಿಯ ಸಿಕ್ಕ. ಕಾಕಾ ಪೀಠಿಕೆ ಹಾಕಲಿಲ್ಲ. ಅದು ನೂರಾಹತ್ತರ ಸೆಟ್ಟು, ಬ್ಯಾಟರಿ ಮೇಲೆ ಮೂವತ್ತೋ ನಲವತ್ತೋ ಬಂದರೆ ಹೆಚ್ಚು, ಮುಖದ ಮೇಲಿನ ಅಂಕಿ ಸುಳ್ಳು ಎಂದರು. ಸುತ್ತ ನಾಲ್ಕು ಜನ ಸೇರಿದ್ದರು. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ನಾನು ಗಾಡಿಯ ಕೀಲಿ ಕೈಯಲ್ಲೇ ಹಿಡಿದಿದ್ದೆ. ಹಿರಿಯ ತಲೆ ತಗ್ಗಿಸಿದ, ಅವನಿಗೆ ಗೊತ್ತಿದ್ದದ್ದೇ. ಆದರೆ ಹುಡುಗರಲ್ಲಿ ಒಬ್ಬ, “ಹಂಗಾರ ಆರ್ನೂರು ಸಾಲಂಗಿಲ್ಲ ಅಂದಂಗಾತು. ಈ ಸಲ ಸಾವಿರದ್ದ ಮಾಡಿ ಕೊಡ್ರಿ ಯಜಮಾನ್ರ” ಎಂದ. ಬೇರೆಯವರು ಹೌದೆಂದರು. ಕಾಕಾ ನೇರ ಗುಡಿಯೊಳಗೆ ಸೆಟ್ಟಿನ ಹತ್ತಿರ ಹೋದರು.

ಆಮೇಲೆ ಅವರು ಒಂದು ಕೆಲಸ ಮಾಡಿಸಿದರು. ಕರೆಂಟಿನ ವೈರು ತೆಗೆಸಿ, ಸೆಟ್ಟನ್ನು ಅದೇ ಬ್ಯಾಟರಿಗೆ ಹಚ್ಚಿಸಿ, ಆವತ್ತು ಕೂಗಿದವನನ್ನೇ ಕರೆಸಿ, ಅವೇ ಮಾತುಗಳನ್ನು ಹೇಳು ಎಂದರು. ನನ್ನನ್ನು ಕೆಳಗಿನ ಓಣಿಗೆ, ಆ ಹೆಣ್ಣುಮಗಳ ಮನೆ ಇದ್ದ ಜಾಗಕ್ಕೆ ಕಳಿಸಿದರು. ಪರೀಕ್ಷೆಗೆ ಹೇಳುತ್ತಿದ್ದೇವೆ ಎಂದು ಮೊದಲೇ ಸಾರಿದ್ದರೂ, ಶಾಲೆಯಲ್ಲಿ ಉಳಿದುಕೊಂಡಿದ್ದ ಓಣಿಯ ಹೆಂಗಸರು ಗಂಟು ಎತ್ತಿಕೊಂಡು ಹೊರಗೆ ಬಂದುಬಿಟ್ಟಿದ್ದರಂತೆ. ಒಬ್ಬ ಮುದುಕಿ ಕಾಕಾನಿಗೆ ಶಾಪ ಹಾಕಿದಳಂತೆ. ಇದನ್ನೆಲ್ಲ ಆಮೇಲೆ ಕೇಳಿದ್ದು. ಕೆಳಗೆ ನಾನು ಗೋಡೆ ಬಿದ್ದ ಮಣ್ಣಿನ ಮೇಲೆ ನಿಂತಿದ್ದೆ. ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು, ಅದರ ಮೇಲೆ ಅರಿಷಿಣ ಕುಂಕುಮ ಇನ್ನೂ ಇತ್ತು. ಗಾಳಿ ಇರಲಿಲ್ಲ, ಮಳೆ ಇರಲಿಲ್ಲ, ಬಿಸಿಲು ಬಿದ್ದಿತ್ತು. ಮೇಲಿನಿಂದ ಒಂದು ಗುಂಯ್ ಎನ್ನುವ ಸದ್ದು ಬಂತು. ಮಾತು ಎಂದು ಗೊತ್ತಿದ್ದರಿಂದ ಮಾತು ಎನ್ನಬೇಕು. ಒಂದು ಅಕ್ಷರವೂ ತಿಳಿಯಲಿಲ್ಲ. ದೇವರೇ, ಒಂದಾದರೂ ತಿಳಿಯಲಿ ಎಂದು ಕಿವಿಗೆ ಕೈ ಹಚ್ಚಿ ನಿಂತೆ.

ಮೇಲೆ ಬಂದು ಹೇಳಿದೆ. ಕಾಕಾ ತಲೆಯಾಡಿಸಿದರು. ನಂತರ ಶಾಲೆಯ ಕಡೆ ನಡೆದರು.

ಸತ್ತುಹೋದಾಕೆಯ ಗಂಡ ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ. ಗಾರೆ ಕೆಲಸದವನು, ನಲವತ್ತರೊಳಗಿನ ವಯಸ್ಸು, ಕ್ಷೌರ ಮಾಡಿಸಿದ ತಲೆ. ಕಾಕಾ ಅವನ ಎದುರು ನಿಂತು, ಇಂಥ ಸೆಟ್ಟು ಕಟ್ಟಿದವನು ನಾನೇ ಎಂದು ಶುರುಮಾಡಿದರು. ಅವನು ಪೂರ್ತಿ ಕೇಳುವ ಮೊದಲೇ, “ನಿಮ್ಮ ಮೈಕ್ ಚಲೋ ಐತ್ರಿ” ಎಂದ. “ಆವತ್ತ ನಾ ಇಲ್ಲೇ ಹನುಮಪ್ಪನ ಗುಡಿ ಹಿಂದಿನ ಮನಿ ಕೆಲಸದಾಗಿದ್ದೆ. ಕಿವಿ ಒಡದು ಹೋಗೂವಂಗ ಕೇಳಿಸ್ತು. ಇಷ್ಟ್ ಜೋರ ಕೇಳಾಕತ್ತೈತಿ, ಆಕಿ ಬರ್ತಾಳ ಅಂತ ಇಲ್ಲೇ ದಾರ್ಯಾಗ ನಿಂತೆ. ಬರೋರನ್ನೆಲ್ಲಾ ನೋಡ್ಕೋತ ನಿಂತೆ. ಇಳದು ಹೋಗೂದ್ರಾಗ ನೀರು ಬಂದಿತ್ತು.”

ಅವನು ಕೆಳಗಿನ ಓಣಿಯ ಕಡೆ ನೋಡಿದ. ಆಮೇಲೆ ಕೇಳಿದ, “ಜ್ವರ ಭಾಳ ಇತ್ರಿ. ಕೇಳಿರ್ತಾಳ, ಏಳಾಕ ಆಗಿರಂಗಿಲ್ಲ. ನನ್ನ ಕರದಿರ್ತಾಳ ಅಲ್ರಿ? ಬರ್ತಾನ, ಬರ್ತಾನ ಅಂತ ಬಾಗಲಾ ನೋಡಿರ್ತಾಳ. ನನಗ ಅದೊಂದು ನಿದ್ದಿ ಮಾಡಾಕ ಬಿಡವಲ್ದು.”

ಕಾಕಾ ಅವನ ಪಕ್ಕ ಕುಳಿತರು.

“ಕೇಳಿಲ್ಲಪಾ ಆಕಿ. ನನ್ನ ಸೆಟ್ಟಿನ ದನಿ ಅಲ್ಲೀತನ ಹೋಗೇ ಇಲ್ಲ. ಮ್ಯಾಲೆ ಬರದಿದ್ದು ಸುಳ್ಳು. ನಾನ ಬರಸಿದ್ದು. ಈಗ ಇಂವನ್ನ ಅಲ್ಲಿ ನಿಲ್ಲಿಸಿ ನೋಡೇನಿ.”

ಅವನು ನನ್ನ ಕಡೆ ತಿರುಗಿದ. “ಹೌದೇನ್ರಿ?”

ಹೌದೆಂದೆ. ಒಂದು ಮಾತೂ ಕೇಳುವುದಿಲ್ಲ ಎಂದೆ.

“ಖಾತ್ರಿ ಏನ್ರಿ ಯಜಮಾನ್ರ? ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ.”

“ಹದಿನಾರಾಣೆ ಖಾತ್ರಿ. ಮಳಿ ಗಾಳ್ಯಾಗಂತೂ ಏನೂ ಕೇಳಿರಂಗಿಲ್ಲ. ಜ್ವರದಾಗ ಮಲಗಿದಾಕಿ ಮಲಗೇ ಇರ್ತಾಳ.”

“ಅಂದ್ರ ನನ್ನ ದಾರಿ ನೋಡಿಲ್ಲ ಆಕಿ” ಎಂದ ಅವನು. ಇನ್ನೊಮ್ಮೆ ಹೇಳಿದ, ತನಗೆ ತಾನೇ. ಅವನ ಮುಖ ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು. ಕಟ್ಟೆಯಿಂದ ಇಳಿದು, ಕಾಕಾ ಬೇಡ ಬೇಡ ಎಂದು ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದರೂ ಬಿಡದೆ, ಅವರ ಎರಡೂ ಪಾದಕ್ಕೆ ಹಣೆ ಹಚ್ಚಿದ. “ಭಾಳ ಉಪಕಾರ ಆತ್ರಿ. ಇಷ್ಟು ದೂರ ಬಂದು ಹೇಳಿದ್ರಿ. ಭಾಳ ಉಪಕಾರ ಆತು” ಎಂದ.

ರಾಣೆಬೆನ್ನೂರಿಗೆ ಬಂದು ಕಾಕಾನ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಅವರು ಇಳಿಯಲಿಲ್ಲ. ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಕಾಕು ಬಾಗಿಲಿಗೆ ಬಂದು, ಏನಾಯಿತೋ ಎಂದು ನನ್ನ ಮುಖ ನೋಡಿದರು.

“ಅಂವಾ ನನಗ ಬೈಬೇಕಿತ್ತಲೋ ತಮ್ಮಾ” ಎಂದರು ಕಾಕಾ. “ಕಾಲಿಗೆ ಬಿದ್ದ.”

ಮತ್ತೆ ಅವರು ಸೆಟ್ಟು ಕಟ್ಟಲಿಲ್ಲ. ದಿನಾ ಅಂಗಡಿ ಬಾಗಿಲು ತೆರೆದು ಕುಳಿತಿರುತ್ತಿದ್ದರು, ಎರಡು ಪಾದವನ್ನೂ ಕುರ್ಚಿಯ ಕೆಳಗೆ ಹಿಂದಕ್ಕೆ ಸರಿಸಿಕೊಂಡು. ಮುಂದಿನ ಮಳೆಗಾಲ ಶುರುವಾಗುವ ಮೊದಲು ಸತ್ತರು.